ಏಳು ಎಳನೀರಿನ ಲೆಕ್ಕ

ಬೆಂಗಳೂರಿನ ಜಕ್ಕೂರು ಕೆರೆಯಿಂದ ವಾಪಸ್ಸು ಬರುವಾಗ ರಸ್ತೆ ಬದಿಯ ಎಳನೀರು ಗಾಡಿ ಮುಂದೆ ನಿಂತೆ. ಒಂದಕ್ಕೆ 55 ರೂಪಾಯಿ, ನನಗೆ ಬೇಕಾದದ್ದು ಏಳು. ಅಪ್ಪ ಕೊಚ್ಚುತ್ತಿದ್ದ, ಹತ್ತು ವರ್ಷದ ಮಗಳು ದುಡ್ಡು ನೋಡಿಕೊಳ್ಳುತ್ತಿದ್ದಳು. ನಾನು ಫೋನು ತೆಗೆಯುವಷ್ಟರಲ್ಲಿ "ನಾಲ್ಕಕ್ಕೆ ಇನ್ನೂರಿಪ್ಪತ್ತು, ಮೂರಕ್ಕೆ ನೂರರವತ್ತೈದು, ಮುನ್ನೂರೆಂಬತ್ತೈದು ಅಂಕಲ್" ಎಂದು 500ರ ನೋಟಿಗೆ ಚಿಲ್ಲರೆ ಎಣಿಸಿಯೇ ಬಿಟ್ಟಳು. ಶಾಲೆಯಲ್ಲೂ ಲೆಕ್ಕದಲ್ಲಿ ಮುಂದಿರಬೇಕು ನೀನು ಅಂದೆ. "ಇಲ್ಲ, ಇಸ್ಕೂಲಲ್ಲಿ ಲೆಕ್ಕ ಬರಲ್ಲ."

ಆ ಉತ್ತರದಲ್ಲಿ ಒಂದು ಹಳೆಯ ಸಂಶೋಧನೆಯೇ ಅಡಗಿದೆ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಐವರು ಮಕ್ಕಳ ಮೇಲೆ ನಡೆಸಿದ ಅಧ್ಯಯನ 1985ರಲ್ಲಿ ಪ್ರಕಟವಾಯಿತು. ಗಿರಾಕಿಗಳ ಹಾಗೆ ಹೋಗಿ ಕೇಳಿದಾಗ ಮಕ್ಕಳು ಶೇ. 98ರಷ್ಟು ಲೆಕ್ಕ ಸರಿ ಹೇಳಿದರು. ಅವೇ ಲೆಕ್ಕಗಳನ್ನು ಬರೀ ಅಂಕಿಗಳಾಗಿ ಕಾಗದದ ಮೇಲಿಟ್ಟಾಗ ಸರಿಯಾದದ್ದು ಶೇ. 37. ತೆಂಗಿನಕಾಯಿ ಮಾರುವ ಹುಡುಗನಿಗೆ ಹತ್ತು ಕಾಯಿಯ ಬೆಲೆ ಕೇಳಿದರೆ ಸೊನ್ನೆ ಸೇರಿಸಲಿಲ್ಲ. ಮೂರು ಮೂರಾಗಿ ಕೂಡುತ್ತಾ ಹೋದ, ಥೇಟ್ ನಮ್ಮ ಹುಡುಗಿಯಂತೆ. ಕೋಲ್ಕತ್ತ, ದೆಹಲಿ ಮಾರುಕಟ್ಟೆಗಳ ಮಕ್ಕಳಲ್ಲೂ ಇದೇ ಕಂದಕವಿರುವುದನ್ನು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು 2025ರಲ್ಲಿ ತೋರಿಸಿದರು. ತಮಾಷೆಯೆಂದರೆ, ಶಾಲೆಯ ಲೆಕ್ಕದಲ್ಲಿ ಪಳಗಿದ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ತಡವರಿಸಿದರು.

ಹಾಗಾದರೆ ಪ್ರತಿಭಾವಂತರನ್ನು ಆರಿಸುವ ಜರಡಿಯ ಕಣ್ಣು ಎಂಥದ್ದು? 1921ರಲ್ಲಿ ಸ್ಟ್ಯಾನ್‌ಫರ್ಡ್‌ನ ಲೂಯಿಸ್ ಟರ್ಮನ್ ಕ್ಯಾಲಿಫೋರ್ನಿಯಾದಲ್ಲಿ ಮಹಾ ಬುದ್ಧಿವಂತ ಮಕ್ಕಳನ್ನು ಹುಡುಕಲು ಹೊರಟಾಗ ಮೊದಲು ಕೇಳಿದ್ದು ಶಿಕ್ಷಕರನ್ನು. ಆಮೇಲೆ ಐಕ್ಯೂ ಪರೀಕ್ಷೆ. ಅದರಲ್ಲಿ ಅಂಕ ಸಾಲದೆ ಹೊರಗುಳಿದ ಇಬ್ಬರು ಹುಡುಗರು ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಅಲ್ವಾರೆಜ್. ಮುಂದೆ ಇಬ್ಬರಿಗೂ ಭೌತಶಾಸ್ತ್ರದ ನೊಬೆಲ್ ಬಂತು, 1956ರಲ್ಲಿ ಒಬ್ಬರಿಗೆ, 1968ರಲ್ಲಿ ಇನ್ನೊಬ್ಬರಿಗೆ.

ಮೇಷ್ಟ್ರನ್ನು ಬೈದು ಫಲವಿಲ್ಲ. ಕಿಕ್ಕಿರಿದ ತರಗತಿಯಲ್ಲಿ ಕೈ ಎತ್ತುವವರೇ ಕಣ್ಣಿಗೆ ಬೀಳುವುದು. ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲೂ ಶಿಕ್ಷಕರೋ ಪೋಷಕರೋ ಹೆಸರು ಸೂಚಿಸಿದ ಮಕ್ಕಳಿಗಷ್ಟೇ ಪ್ರತಿಭಾವಂತರ ವಿಶೇಷ ತರಗತಿಯ ಪರೀಕ್ಷೆ ಇತ್ತು. 2005ರಲ್ಲಿ ಎರಡನೇ ತರಗತಿಯ ಎಲ್ಲರಿಗೂ, ಮಾತಿನ ಹಂಗಿಲ್ಲದ ಚಿತ್ರವಿನ್ಯಾಸಗಳ ಒಂದು ಸಣ್ಣ ಪರೀಕ್ಷೆ ಇಟ್ಟರು. ಅಂಕದ ಮಿತಿ ಇಳಿಸಲಿಲ್ಲ. ಆದರೂ ವಿಶೇಷ ತರಗತಿಗೆ ಆಯ್ಕೆಯಾದ ಕಪ್ಪು ಮಕ್ಕಳ ಸಂಖ್ಯೆ ಶೇ. 80ರಷ್ಟು, ಹಿಸ್ಪಾನಿಕ್ ಮಕ್ಕಳದ್ದು ಶೇ. 130ರಷ್ಟು ಏರಿತು. ಕೆಲ ವರ್ಷಗಳಲ್ಲಿ ಹಣದ ಮುಗ್ಗಟ್ಟಿಗೆ ಅದನ್ನು ನಿಲ್ಲಿಸಿದರು. ಅಂಕಿಗಳು ಹಳೆಯ ಜಾಗಕ್ಕೇ ಇಳಿದವು.

ಎಳನೀರು ಗಾಡಿಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಸಿ.ಎನ್.ಆರ್. ರಾವ್ 1989ರಲ್ಲಿ ಕಟ್ಟಿ ಬೆಳೆಸಿದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಗಾಡಿಗೂ ಆ ಗೇಟಿಗೂ ನಡುವೆ ಎಂಟನೇ ತರಗತಿಯ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆಯಂಥ ಮೆಟ್ಟಿಲುಗಳಿವೆ. ಬಡ ಮನೆಯ ಮಕ್ಕಳಿಗೆಂದೇ ಇರುವ ಇದು ಒಳ್ಳೆಯ ಯೋಜನೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ. ಆದರೆ ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲೇ ಓದುತ್ತಿರಬೇಕು. ಸಾಲ ಮಾಡಿ ಗಲ್ಲಿಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದ ಅಪ್ಪನ ಮಗಳಿಗೆ ಅವಕಾಶವಿಲ್ಲ. ಜೊತೆಗೆ, ಪರೀಕ್ಷೆಗೆ ಕೂರಲು ಏಳನೇ ತರಗತಿಯಲ್ಲಿ ಶೇ. 55 ಅಂಕ ಬೇಕು, ಪರಿಶಿಷ್ಟರಿಗೆ ಶೇ. 50.

ಎಳನೀರಿನ ಹುಡುಗಿ ಈಗ ಐದನೇ ಕ್ಲಾಸು.