ಗೆಳೆಯನ ಹುಟ್ಟುಹಬ್ಬಕ್ಕೆ ಬುತ್ತಿ ಕಟ್ಟುವವರು

ಹೊರದೇಶದಲ್ಲಿ ಓದುವ, ದುಡಿಯುವ ಮಕ್ಕಳು ಊರಿಗೆ ಕಳಿಸುವ ಫೋಟೊಗಳಲ್ಲಿ ಒಂದು ಬಗೆಯದು ಮೇಲಿಂದ ಮೇಲೆ ಕಾಣುತ್ತದೆ. ಕೆರೆಯ ದಂಡೆ ಅಥವಾ ಗುಡ್ಡದ ನೆತ್ತಿ, ದಪ್ಪ ಜಾಕೆಟ್ ತೊಟ್ಟ ಐದಾರು ಮಂದಿ, ನಡುವೆ ಬೆಂಚಿನ ಮೇಲೆ ಸಣ್ಣದೊಂದು ಕೇಕು. ಯಾರೋ ಗೆಳೆಯನ ಹುಟ್ಟುಹಬ್ಬಕ್ಕೆ ಎಲ್ಲರೂ ಕೂಡಿ ಒಂದು ದಿನದ ಮಟ್ಟಿಗೆ ಹೊರಬಿದ್ದಿರುತ್ತಾರೆ. ತಿಕೋಟಾ ತಾಲ್ಲೂಕಿನ ಕಳ್ಳಕವಟಗಿಯಲ್ಲೋ ಬಿಜ್ಜರಗಿಯಲ್ಲೋ ಆ ಫೋಟೊ ನೋಡಿದ ಹಿರಿಯರು, ‘ಓದ್ಲಿಕ್ಕಂತ ಕಳ್ಸಿದ್ರ ಇವ್ರು ತಿರಗ್ಯಾಡಾಕ ಹತ್ಯಾರ’ ಎಂದುಕೊಂಡರೆ ಅದರಲ್ಲಿ ಆಶ್ಚರ್ಯವಿಲ್ಲ. ದ್ರಾಕ್ಷಿ ದರ ಬಿದ್ದ ವರ್ಷವೂ ಸಾಲ ಮಾಡಿ ಮಗನನ್ನು ಕಳಿಸಿದವರ ಸಂಕಟ ಅದು. ಆದರೂ ಈ ತಿರುಗಾಟವನ್ನು ಬರೀ ಮೋಜು ಎನ್ನಲು ನಾನು ಒಪ್ಪಲಾರೆ. ಪರದೇಶದ ಬದುಕಿನಲ್ಲಿ ಬಳಗದ ಕೊರತೆಯನ್ನು ತುಂಬಿಕೊಳ್ಳಲು ನಮ್ಮ ಹುಡುಗರು ಕಂಡುಕೊಂಡ ಅತ್ಯಂತ ಸರಳ ದಾರಿ ಇದು. ಅದರ ಬೇರು ನಮ್ಮ ಹೊಲಗಳಲ್ಲೇ ಇದೆ.

ಮೊದಲು ಅಲ್ಲಿನ ಪರಿಸ್ಥಿತಿ ತಿಳಿಯಬೇಕು. ಊರಲ್ಲಿ ಹುಟ್ಟಿದ ದಿನ ಬಂತೆಂದರೆ ಅವ್ವ ಆರತಿ ಎತ್ತುತ್ತಾಳೆ, ಗೆಳೆಯರು ರಾತ್ರಿ ಹನ್ನೆರಡಕ್ಕೇ ಬಾಗಿಲು ಬಡಿಯುತ್ತಾರೆ, ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟುವವರೂ ಉಂಟು. ಜರ್ಮನಿಯ ರೂಢಿ ಇದಕ್ಕೆ ತಿರುಗುಮುರುಗು. ಹುಟ್ಟುಹಬ್ಬ ಯಾರದೋ ಅವರೇ ಕಚೇರಿಗೆ ಕೇಕು ಒಯ್ದು ಹಂಚಬೇಕು. ಒಂದು ದಿನ ಮುಂಚೆ ಶುಭ ಕೋರಿದರೆ ಅಪಶಕುನವೆಂದು ಮುಖ ಗಂಟಿಕ್ಕುತ್ತಾರೆ. ರಾತ್ರಿ ಹತ್ತರ ನಂತರ ಗದ್ದಲ ಮಾಡುವಂತಿಲ್ಲ, ಭಾನುವಾರವಂತೂ ಇಡೀ ದಿನ ಸದ್ದಿಲ್ಲದ ದಿನ. ನಾಲ್ಕು ಜನ ಹಂಚಿಕೊಂಡ ಬಾಡಿಗೆ ಮನೆ, ಸಪೂರ ಗೋಡೆ, ಪಕ್ಕದಲ್ಲಿ ಬೆಳಗಿನ ಪಾಳಿಗೆ ಏಳಬೇಕಾದ ಇನ್ನೊಬ್ಬರು. ನಡುರಾತ್ರಿ ಕೇಕು ಕತ್ತರಿಸಿ ಕೂಗಾಡುವ ನಮ್ಮ ಪದ್ಧತಿಗೆ ಅಲ್ಲಿ ಜಾಗವೇ ಇಲ್ಲ. ಹೋಟೆಲಿಗೆ ಹೋದರೆ ಎರಡು ತಾಸಿನಲ್ಲಿ ಬಿಲ್ಲು ಮುಂದೆ ಬರುತ್ತದೆ. ಉಳಿದದ್ದು ಹಗಲು ಮತ್ತು ಬಯಲು, ಎರಡಕ್ಕೂ ಬಾಡಿಗೆ ಇಲ್ಲ.

ಅಲ್ಲಿನ ರೈಲು ವ್ಯವಸ್ಥೆಯೂ ಈ ರೂಢಿಗೆ ಇಂಬು ಕೊಟ್ಟಿದೆ. ಬವೇರಿಯಾ ರಾಜ್ಯದಲ್ಲಿ ‘ಬಾಯರ್ನ್ ಟಿಕೆಟ್’ ಎಂಬುದೊಂದಿದೆ. ಒಂದೇ ಚೀಟಿಯಲ್ಲಿ ಐದು ಜನ ಒಂದು ದಿನದ ಮಟ್ಟಿಗೆ ಆ ರಾಜ್ಯದೊಳಗೆ ಎಲ್ಲಿಗೆ ಬೇಕಾದರೂ ಹೋಗಿ ಬರಬಹುದು. ವೇಗದ ರೈಲು ಹತ್ತುವಂತಿಲ್ಲ, ಪ್ರಾದೇಶಿಕ ರೈಲುಗಳಷ್ಟೇ. ಮೊದಲನೆಯವರಿಗೆ ಪೂರ್ತಿ ದರ, ಆಮೇಲೆ ಸೇರುವ ಒಬ್ಬೊಬ್ಬರಿಗೂ ಅದರ ಅರ್ಧಕ್ಕಿಂತ ಕಡಿಮೆ. ಹೋಗುವವರೆಲ್ಲರ ಹೆಸರೂ ಆ ಚೀಟಿಯ ಮೇಲೆ ಇರಬೇಕು. ಮ್ಯೂನಿಕ್‌ನಿಂದ ಎರಡು ತಾಸು ಕೂತರೆ ಫ್ಯೂಸೆನ್, ಅಲ್ಲಿಂದ ಎರಡನೇ ಲುಡ್ವಿಗ್ ದೊರೆ 1869ರಲ್ಲಿ ಕಟ್ಟಿಸಲು ತೊಡಗಿದ ನಾಯ್‌ಶ್ವಾನ್‌ಸ್ಟೈನ್ ಅರಮನೆ ಹತ್ತಿರ. ಅರಮನೆಯ ಒಳಗೆ ಹೋಗಲು ದುಡ್ಡು ಕೊಡಬೇಕು. ಕೆಳಗಿನ ಕೆರೆಗೆ, ಸುತ್ತಲ ಕಾಡಿಗೆ ಬೇಡ. ಇಂಗ್ಲೆಂಡಿನಲ್ಲೂ ಮೂರರಿಂದ ಒಂಬತ್ತು ಜನ ಕೂಡಿ ಹೊರಟರೆ, ದಟ್ಟಣೆಯಿಲ್ಲದ ಹೊತ್ತಿನ ಅನೇಕ ರೈಲುಗಳಲ್ಲಿ ಟಿಕೆಟ್ಟಿನ ಮೂರನೇ ಒಂದು ಪಾಲು ಬಿಟ್ಟುಕೊಡುತ್ತಾರೆ. ಒಬ್ಬನೇ ಹೊರಟರೆ ದುಬಾರಿ, ಕೂಡಿ ಹೊರಟರೆ ಅಗ್ಗ: ಗುಂಪು ಕಟ್ಟಿಕೊಳ್ಳಲು ಇದಕ್ಕಿಂತ ಒಳ್ಳೆಯ ನೆಪ ಬೇಕೆ?

ಇನ್ನು ಬುತ್ತಿಯ ವಿಷಯ. ಹಿಂದಿನ ರಾತ್ರಿಯೇ ಒಬ್ಬರು ಚಪಾತಿ ಲಟ್ಟಿಸಿ ಪಲ್ಯ ಸುತ್ತಿಡುತ್ತಾರೆ, ಮತ್ತೊಬ್ಬರು ಚಿತ್ರಾನ್ನ, ಇನ್ನೊಬ್ಬರ ಪಾಲಿಗೆ ಕೇಕು. ಯುರೋಪಿನ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲವಾದ್ದರಿಂದ ಧಾರವಾಡದ ಪೇಡೆ ಊರಲ್ಲೇ ಉಳಿಯುತ್ತದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಮಾತ್ರ ಸೂಟ್‌ಕೇಸಿನಲ್ಲಿ ಪಾರಾಗಿ ಬರುತ್ತವೆ. ಇದನ್ನು ಓದುವಾಗ ವಿಜಯಪುರ ಸೀಮೆಯವರಿಗೆ ಎಳ್ಳ ಅಮಾವಾಸ್ಯೆ ನೆನಪಾಗದಿರದು. ಹಿಂಗಾರಿ ಜೋಳ ಎದೆಯೆತ್ತರ ನಿಂತಿರುವಾಗ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿ ಪಲ್ಯ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪೂಜಿಸಿ, ಚರಗ ಚೆಲ್ಲಿ, ಬಯಲಲ್ಲೇ ಕೂತು ಉಣ್ಣುವ ದಿನ ಅದು. ಹೊಲವಿಲ್ಲದ ನೆರೆಯವರನ್ನೂ ಆವತ್ತು ಕರೆಯುತ್ತಾರೆ. ಭೂಮಿಪೂಜೆಯ ಅರ್ಥವನ್ನು ಪಕ್ಕಕ್ಕಿಟ್ಟು ಆ ದಿನದ ಬಗೆಯನ್ನಷ್ಟೇ ನೋಡಿ. ಮನೆ ಬಿಟ್ಟು ಹೊರಡುವುದು, ದೂರ ನಡೆಯುವುದು, ಎಲ್ಲರ ಬುತ್ತಿಯೂ ಒಂದೇ ಕಡೆ ಬಿಚ್ಚುವುದು, ಸಂಜೆಯವರೆಗೆ ಬೇರೆ ಕೆಲಸವಿಲ್ಲದಿರುವುದು. ಹೊರದೇಶದ ಹುಟ್ಟುಹಬ್ಬದ ಪ್ರವಾಸದಲ್ಲಿ ಉಳಿದು ಬಂದಿರುವುದು ಇದೇ ಬಗೆ. ಮನೆಯ ಪಾರ್ಟಿಯಲ್ಲಿ ಕರೆದವನು ದಣಿಯುತ್ತಾನೆ, ಬಂದವನು ಸಂಕೋಚಪಡುತ್ತಾನೆ. ಬಯಲಿನಲ್ಲಿ ಯಾರೂ ಯಜಮಾನರಲ್ಲ. ಎರಡು ತಾಸು ರೈಲಿನಲ್ಲಿ ಎದುರುಬದುರು ಕೂತಾಗ ವೀಸಾದ ಚಿಂತೆ, ಫೇಲಾದ ಪರೀಕ್ಷೆ, ಅಪ್ಪನ ಬಿ.ಪಿ. ಎಲ್ಲ ತಾವಾಗಿ ಹೊರಬರುತ್ತವೆ. ಸಂಗೀತದ ಅಬ್ಬರದ ನಡುವೆ ಅವು ಬರುವುದಿಲ್ಲ.

ಹುಟ್ಟುಹಬ್ಬವೇ ನಮ್ಮದಲ್ಲ ಎನ್ನುವ ಆಕ್ಷೇಪಕ್ಕೆ ಸ್ವಲ್ಪ ಆಧಾರವಿದೆ. ಉತ್ತರ ಕರ್ನಾಟಕದ ಒಂದಿಡೀ ತಲೆಮಾರಿನ ಅನೇಕರ ಜನ್ಮದಿನ ಶಾಲೆಯ ದಾಖಲೆಯಲ್ಲಿ ಜೂನ್ 1. ಹೆಸರು ಹಚ್ಚುವಾಗ ಮಾಸ್ತರರು ವಯಸ್ಸು ಹೊಂದಿಸಿ ಬರೆದ ತಾರೀಖು ಅದು. ಜನನ ಮರಣ ನೋಂದಣಿ ಕಾಯ್ದೆ 1969ರಲ್ಲಿ ಬಂದರೂ ಹಳ್ಳಿಗಳಲ್ಲಿ ಅದು ರೂಢಿಯಾಗಲು ವರ್ಷಗಳೇ ಹಿಡಿದವು; 1972ರ ಸುಮಾರಿಗೆ ಹುಟ್ಟಿದವರು ಇಂದಿಗೂ ‘ದೊಡ್ಡ ಬರದಾಗ ಹುಟ್ಟಿದಾಂವ’ ಎಂದು ಗುರುತು ಹೇಳುತ್ತಾರೆ. ಆದರೆ ಅವರಿಗೆ ತಾರೀಖು ಬೇಕಿರಲಿಲ್ಲ, ಏಕೆಂದರೆ ವರ್ಷವಿಡೀ ಅವರನ್ನು ಎಣಿಸುವ ಜನ ಸುತ್ತಲೂ ಇದ್ದರು. ಪಂಚಮಿಗೆ ತವರು ಕರೆಯುತ್ತಿತ್ತು, ಜಾತ್ರೆಗೆ ಬೀಗರು ಬರುತ್ತಿದ್ದರು. ಹೊರದೇಶದಲ್ಲಿ ಎಣಿಸುವವರಿಲ್ಲ. ಯುಗಾದಿಗೆ ರಜೆಯಿಲ್ಲ, ದೀಪಾವಳಿ ವಾರದ ನಡುವೆ ಬಂದು ಹೋಗುತ್ತದೆ. ‘ನೀನು ಇದ್ದೀಯೆಂದು ನಮಗೆ ಗೊತ್ತು’ ಎಂದು ಒಬ್ಬನಿಗೆ ಹೇಳಲು ಉಳಿಯುವ ದಿನ ಪಾಸ್‌ಪೋರ್ಟಿನಲ್ಲಿ ಅಚ್ಚಾದ ಆ ತಾರೀಖೊಂದೇ. ಅದೂ ಹೆಚ್ಚಾಗಿ ಮುಂದಿನ ಶನಿವಾರಕ್ಕೋ ಭಾನುವಾರಕ್ಕೋ ಜಾರುತ್ತದೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಖರ್ಚಿನ ಮಾತು ಇದಕ್ಕಿಂತ ಗಟ್ಟಿಯಾದದ್ದು. ಜರ್ಮನಿಗೆ ಓದಲು ಹೋಗುವವರು 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೊ ಬ್ಯಾಂಕಿನಲ್ಲಿ ಕಟ್ಟಿಟ್ಟು ತೋರಿಸಬೇಕಾಗಿದೆ; ತಿಂಗಳಿಗೆ 992 ಯೂರೊ ಮಾತ್ರ ಕೈಗೆ ಸಿಗುತ್ತದೆ. ಬಾಡಿಗೆ, ವಿಮೆ, ಕಿರಾಣಿ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ. ಅದರಲ್ಲಿ ತಿಂಗಳಿಗೆರಡು ಸಲ ತಿರುಗುವವರು, ಸಾಲ ಮಾಡಿ ಕ್ಯಾಮೆರಾ ಕೊಳ್ಳುವವರು ಇದ್ದರೆ ಮನೆಯವರ ಸಿಟ್ಟು ನ್ಯಾಯವಾದದ್ದೇ. ಆದರೆ ಐವರು ಹಂಚಿಕೊಂಡ ಟಿಕೆಟ್ಟು, ಮನೆಯ ಬುತ್ತಿ, ಒಂದು ಕೇಕು ಸೇರಿಸಿ ಲೆಕ್ಕ ಹಾಕಿದರೆ ತಲೆಗೆ ಮ್ಯೂನಿಕ್ಕಿನಂಥ ಊರಲ್ಲಿ ಒಂದು ಸಾಧಾರಣ ಹೋಟೆಲ್ ಊಟದ ಆಸುಪಾಸಿನಲ್ಲೇ ಮುಗಿಯುತ್ತದೆ. ಕೋಣೆಯಲ್ಲಿ ಒಬ್ಬನೇ ಕೂತು ಕಳೆದ ಚಳಿಗಾಲಕ್ಕೆ ಎಷ್ಟು ಖರ್ಚಾಯಿತೆಂಬ ಲೆಕ್ಕವನ್ನು ಯಾರೂ ಇಡುವುದಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಬಿಸಿಲ ನಾಡಿನಿಂದ ಹೋದವರು ಆ ಕತ್ತಲಿಗೆ ಮೊದಲ ವರ್ಷ ತತ್ತರಿಸುತ್ತಾರೆ.

ಇದೆಲ್ಲ ಯುರೋಪಿನಲ್ಲಿ ಓದುವವರ ಭಾಗ್ಯ, ಕೊಲ್ಲಿ ದೇಶಗಳಲ್ಲಿ ಗಾರೆ ಕೆಲಸ, ಡ್ರೈವರ್ ಕೆಲಸ ಮಾಡುವವರ ಗತಿಯೇನು ಎಂದು ಕೇಳಬಹುದು. ಈ ಪ್ರಶ್ನೆ ನನ್ನನ್ನು ಕಾಡುತ್ತದೆ, ಏಕೆಂದರೆ ಬಳಗದ ಕೊರತೆ ಅತಿ ಹೆಚ್ಚಾಗಿ ಬಾಧಿಸುವುದು ಅವರನ್ನೇ. ವಾರಕ್ಕೆ ಒಂದು ರಜೆ, ಅದರಲ್ಲಿ ಬಟ್ಟೆ ಒಗೆಯಬೇಕು, ಊರಿಗೆ ದುಡ್ಡು ಕಳಿಸಬೇಕು. ಆದರೂ ಒಂದು ದಿನದ ಹೊರಸಂಚಾರಕ್ಕೆ ದೂರದ ಆಲ್ಪ್ಸ್ ಗುಡ್ಡಗಳೇ ಬೇಕಿಲ್ಲ. ದುಬೈ ಕ್ರೀಕಿನಲ್ಲಿ ಬರ್ ದುಬೈಯಿಂದ ದೇರಾಕ್ಕೆ ಕಟ್ಟಿಗೆಯ ಅಬ್ರಾ ದೋಣಿಯಲ್ಲಿ ದಾಟಲು ಒಂದು ದಿರ್ಹಮ್ ಸಾಕು. ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಮೇಲೆ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ಮುಂದೆ ಕೂತು ಬುತ್ತಿ ಬಿಚ್ಚಲು ಟಿಕೆಟ್ಟೇ ಬೇಡ. ಬಾಗೇವಾಡಿಯ ಜಿಲ್ಲೆಯಿಂದ ಹೋದವರಿಗೆ ಅದಕ್ಕಿಂತ ಹತ್ತಿರದ ಜಾಗ ಆ ಊರಲ್ಲಿ ಇನ್ನೊಂದಿರಲಾರದು.

ಕೊನೆಯ ತಕರಾರು ಒಂದಿದೆ, ಅದು ಅಲ್ಲಿ ನೆಲೆ ನಿಂತವರದು: ಕನ್ನಡದವರು ಕನ್ನಡದವರ ಜೊತೆಗೇ ತಿರುಗಿದರೆ ಆ ನಾಡಿನ ಜನ, ಭಾಷೆ ಕಲಿಯುವುದು ಯಾವಾಗ? ಈ ತಕರಾರನ್ನು ನಾನು ಒಪ್ಪುತ್ತೇನೆ. ಟಿಕೆಟ್ಟಿನ ಐದು ಹೆಸರುಗಳಲ್ಲಿ ಒಂದು ಸಹಪಾಠಿ ಜರ್ಮನ್ ಹುಡುಗಿಯದೋ ಪಕ್ಕದ ಕೋಣೆಯ ತುರ್ಕಿ ಹುಡುಗನದೋ ಆಗಿರಲಿ. ಖಡಕ್ ರೊಟ್ಟಿಯನ್ನು ಮುರಿದು ಹಿಂಡಿ ಹಚ್ಚಿ ಕೊಡುವಷ್ಟು ಭಾಷೆ ಎಲ್ಲರಿಗೂ ಬರುತ್ತದೆ. ಕನ್ನಡ ಕೂಟಗಳೂ ಇಲ್ಲಿ ಒಂದು ಕೆಲಸ ಮಾಡಬಹುದು. ಯುಗಾದಿ, ರಾಜ್ಯೋತ್ಸವಗಳಿಗೆ ಸಭಾಂಗಣ ಹಿಡಿದು ನೂರಾರು ಜನರನ್ನು ಸೇರಿಸುವ ಶಕ್ತಿ ಅವಕ್ಕಿದೆ. ಆ ಜನಸಂದಣಿಯಲ್ಲಿ ಹೊಸದಾಗಿ ಬಂದವನು ಮೂಲೆಯಲ್ಲಿ ನಿಂತು ಊಟ ಮಾಡಿ ಹೋಗುತ್ತಾನೆ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಂದಿಳಿಯುವ ಹೊಸ ವಿದ್ಯಾರ್ಥಿಗಳ ಹುಟ್ಟಿದ ತಾರೀಖನ್ನು ಅವರವರ ಒಪ್ಪಿಗೆ ಪಡೆದು ಬರೆದಿಟ್ಟುಕೊಂಡು, ಮೊದಲ ವರ್ಷದ ಹುಟ್ಟುಹಬ್ಬದ ಪ್ರವಾಸಕ್ಕೆ ನಾಲ್ವರು ಹಳಬರನ್ನು ಜೊತೆ ಮಾಡಿ ಕಳಿಸಿದರೆ ಸಾಕು. ಟಿಕೆಟ್ಟಿನಲ್ಲಿ ಐವರ ಹೆಸರಿಗೆ ಜಾಗವಿದೆ. ಹೊಸಬನ ಹೆಸರನ್ನು ಮೊದಲು ಬರೆಯಲಿ, ದುಡ್ಡನ್ನು ಆ ಒಂದು ಸಲ ಉಳಿದ ನಾಲ್ವರು ಹಾಕಲಿ.