ಸ್ಕ್ರೀನ್ ಕಪ್ಪಾದ್ರೆ ಲ್ಯಾಪ್‌ಟಾಪ್ ಸತ್ತಿಲ್ಲ

ಶನಿವಾರ ರಾತ್ರಿ ಹನ್ನೊಂದೂವರೆ. ಹೊಸ ಲ್ಯಾಪ್‌ಟಾಪ್‌ಗೆ ಉಬುಂಟು 24.04 ಇನ್‌ಸ್ಟಾಲ್ ಮಾಡಿ ಮುಗಿಸಿ ರೀಸ್ಟಾರ್ಟ್ ಕೊಟ್ಟೆ. ಕಂಪನಿ ಲೋಗೋ ಬಂತು, ಹೋಯ್ತು. ಆಮೇಲೆ ಸ್ಕ್ರೀನ್ ಪೂರ್ತಿ ಕಪ್ಪು. ಐದು ನಿಮಿಷ ಕಾದೆ. ಕಪ್ಪೇ.

ಅಪ್ಪ ಕಂತಿನಲ್ಲಿ ತೆಗೆದುಕೊಟ್ಟ ಲ್ಯಾಪ್‌ಟಾಪ್ ಅದು, ಬಂದು ಒಂಬತ್ತು ದಿನ ಆಗಿತ್ತು. ಸೋಮವಾರ ಬೆಳಿಗ್ಗೆ ನನ್ನ ಸೆಮಿನಾರ್. ನಿಜ ಹೇಳ್ತೀನಿ, ಅಳು ಬಂತು.

ಪಕ್ಕದ ರೂಮಿನ ಫೈನಲ್ ಇಯರ್ ಅಕ್ಕನ್ನ ಕರೆದೆ. ಅವರು ಸ್ಕ್ರೀನ್ ಕಡೆ ನೋಡ್ಲೇ ಇಲ್ಲ.

"ಕ್ಯಾಪ್ಸ್ ಲಾಕ್ ಒತ್ತು. ಲೈಟ್ ಬರತ್ತಾ?"

"ಬರತ್ತೆ ಅಕ್ಕ."

"ಹಾಗಾದ್ರೆ ಒಳಗೆ ಸಿಸ್ಟಮ್ ಓಡ್ತಾ ಇದೆ. ಚಿತ್ರ ಎಲ್ಲಿ ನಿಂತಿದೆ ಅಂತ ಹುಡುಕ್ಬೇಕು, ಅಷ್ಟೇ."

ಈ ಲೇಖನದಲ್ಲಿ ನಾನು ಹೇಳೋದೂ ಇದೇ: ಗಾಬರಿಯಾಗಿ ಫಾರ್ಮ್ಯಾಟ್ ಮಾಡೋ ಮೊದಲು, ಚಿತ್ರ ಎಲ್ಲಿ ನಿಂತಿದೆ ಅಂತ ಹುಡುಕಿ. (ಇದು ಕನ್ನಡ ಪತ್ರಿಕೆ ಆದ್ದರಿಂದ ಕಮಾಂಡ್‌ಗಳನ್ನೂ ಕನ್ನಡದಲ್ಲೇ ಬರೆದಿದ್ದೀನಿ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರ ಬಳಸಿ.)

ಚಿತ್ರ ಬರೋ ದಾರಿ

ಪವರ್ ಬಟನ್ ಒತ್ತಿದ ಮೇಲೆ ಸ್ಕ್ರೀನ್ ನಾಲ್ಕು ಕೈ ದಾಟತ್ತೆ. ಮೊದಲು ಯುಇಎಫ್‌ಐ ಫರ್ಮ್‌ವೇರ್, ಕಂಪನಿ ಲೋಗೋ ತೋರಿಸೋದು ಇದೇ. ಎರಡನೆಯದು ಗ್ರಬ್, ಯಾವ ಓಎಸ್ ಬೇಕು ಅಂತ ಕೇಳೋ ಮೆನು. ಮೂರನೆಯದು ಲಿನಕ್ಸ್ ಕರ್ನಲ್. ಅದರ ಗ್ರಾಫಿಕ್ಸ್ ಡ್ರೈವರ್ ಸ್ಕ್ರೀನನ್ನು ತನ್ನ ಹಿಡಿತಕ್ಕೆ ತಗೊಂಡು ರೆಸಲ್ಯೂಷನ್ ಸೆಟ್ ಮಾಡತ್ತೆ, ಇದಕ್ಕೆ ಕರ್ನಲ್ ಮೋಡ್ ಸೆಟ್ಟಿಂಗ್ ಅಂತಾರೆ. ನಾಲ್ಕನೆಯದು ವೇಲ್ಯಾಂಡ್ ಅಥವಾ ಎಕ್ಸ್‌ಆರ್ಗ್. ಲಾಗಿನ್ ಪೇಜ್, ಡೆಸ್ಕ್‌ಟಾಪ್ ಎಲ್ಲಾ ಇದರ ಮೇಲೆ ಬರತ್ತೆ.

ಲೋಗೋ ಕಾಣಿಸ್ತು ಅಂದ್ರೆ ಸ್ಕ್ರೀನು, ಕೇಬಲ್ಲು ಸರಿ ಇದೆ ಅಂತ ಅರ್ಥ. ಆಮೇಲೆ ಕಪ್ಪಾದ್ರೆ ತೊಂದರೆ ಹೆಚ್ಚಾಗಿ ಸಾಫ್ಟ್‌ವೇರಿಂದು. ಸರ್ವಿಸ್ ಸೆಂಟರ್‌ಗೆ ಓಡಬೇಕಾಗಿಲ್ಲ.

ಇನ್ನೊಂದು ಪರೀಕ್ಷೆ: ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ. ಕಪ್ಪು ಪರದೆ ಮೇಲೆ ಅಕ್ಷರದಲ್ಲಿ ಲಾಗಿನ್ ಕೇಳಿದ್ರೆ ಮೂರನೇ ಹಂತದ ತನಕ ಎಲ್ಲಾ ಬಂದಿದೆ, ನಾಲ್ಕನೆಯದು ಕೈ ಕೊಟ್ಟಿದೆ. ಅದೂ ಬರದೆ ಕ್ಯಾಪ್ಸ್ ಲಾಕ್ ಲೈಟ್ ಮಾತ್ರ ಬಂದ್ರೆ ಮೂರನೇ ಹಂತದ ಮೇಲೆ, ಅಂದ್ರೆ ಡ್ರೈವರ್ ಮೇಲೆ ಅನುಮಾನ ಪಡಿ. ನನ್ನದು ಇದೇ ಕೇಸ್.

ಸುಳಿವು ನಂಗೆ ಮೊದಲೇ ಸಿಕ್ಕಿತ್ತು. ಪೆನ್‌ಡ್ರೈವ್‌ನಿಂದ ಬೂಟ್ ಮಾಡುವಾಗ ಮೊದಲನೇ ಆಯ್ಕೆಯಲ್ಲಿ ಏನೂ ಬರಲಿಲ್ಲ ಅಂತ "ಸೇಫ್ ಗ್ರಾಫಿಕ್ಸ್" ಆಯ್ಕೆ ಮಾಡಿದ್ದೆ. ಯಾಕೆ ಅಂತ ಯೋಚಿಸ್ಲಿಲ್ಲ.

ಒಳಗೆ ಹೋಗೋಕೆ ಹಿಂಬಾಗಿಲು

ಲೋಗೋ ಬಂದ ತಕ್ಷಣ ಎಸ್ಕೇಪ್ ಕೀ ಒತ್ತಿ, ಗ್ರಬ್ ಮೆನು ಬರತ್ತೆ. ಉಬುಂಟು ಸಾಲಿನ ಮೇಲೆ ನಿಂತು "ಇ" ಒತ್ತಿ. "ಲಿನಕ್ಸ್" ಪದದಿಂದ ಶುರುವಾಗೋ ಸಾಲಿನ ಕೊನೆ ಹತ್ರ "ಕ್ವಯಟ್ ಸ್ಪ್ಲಾಷ್" ಅಂತ ಇರತ್ತೆ. ಅದರ ಪಕ್ಕ ಒಂದು ಸ್ಪೇಸ್ ಕೊಟ್ಟು "ನೋಮೋಡ್‌ಸೆಟ್" ಅಂತ ಸೇರಿಸಿ, ಎಫ್10 ಒತ್ತಿ.

ಕರ್ನಲ್‌ಗೆ ಇದರ ಅರ್ಥ: ನಿನ್ನ ಡ್ರೈವರ್ ಸ್ಕ್ರೀನ್ ಮುಟ್ಟೋದು ಬೇಡ, ಫರ್ಮ್‌ವೇರ್ ಕೊಟ್ಟಿದ್ದನ್ನೇ ಬಳಸು. ನನಗೆ ಡೆಸ್ಕ್‌ಟಾಪ್ ಬಂತು. ಆದ್ರೆ ರೆಸಲ್ಯೂಷನ್ ಕೆಟ್ಟದು, ಬ್ರೈಟ್‌ನೆಸ್ ಬದಲಾಗಲ್ಲ, ವಿಂಡೋ ಎಳೆದ್ರೆ ಎತ್ತಿನಗಾಡಿ ಥರ. ಪರವಾಗಿಲ್ಲ, ಇದು ಒಂದು ಸಲಕ್ಕೆ ಮಾತ್ರ. ಇದನ್ನೇ ಪರ್ಮನೆಂಟ್ ಮಾಡ್ಕೋಬೇಡಿ, ದುಡ್ಡು ಕೊಟ್ಟ ಗ್ರಾಫಿಕ್ಸ್ ಚಿಪ್ ಸುಮ್ನೆ ಮಲಗಿರತ್ತೆ.

ಇನ್ನು ಡ್ರೈವರ್. ಇಂಟೆಲ್ ಮತ್ತು ಎಎಮ್‌ಡಿ ಚಿಪ್‌ಗಳ ಡ್ರೈವರ್ ಕರ್ನಲ್ ಜೊತೆಗೇ ಬರತ್ತೆ. ಎನ್‌ವಿಡಿಯಾಗೆ ಎರಡು ದಾರಿ: ಕರ್ನಲ್ ಒಳಗಿರೋ ನೌವೋ, ಅಥವಾ ಕಂಪನಿಯೇ ಕೊಡೋ ಡ್ರೈವರ್. ಎರಡನೆಯದನ್ನು ಬೇರೆಯಾಗಿ ಹಾಕ್ಕೋಬೇಕು. ಹೊಸ ಮಾಡೆಲ್ ಚಿಪ್ ಆದ್ರೆ ಕರ್ನಲ್ ವರ್ಷನ್ನೂ ಮುಖ್ಯ. 24.04 ಬಂದಾಗ ಕರ್ನಲ್ 6.8 ಇತ್ತು, 2025ರ 24.04.2ರಲ್ಲಿ 6.11 ಬಂತು. ಕರ್ನಲ್‌ಗಿಂತ ಆಮೇಲೆ ಮಾರ್ಕೆಟ್‌ಗೆ ಬಂದ ಚಿಪ್ ಅದಕ್ಕೆ ಗೊತ್ತಿಲ್ಲದೇ ಇರಬಹುದು.

ನನ್ನದರಲ್ಲಿ ಎರಡು ಚಿಪ್ ಇತ್ತು, ಪ್ರೊಸೆಸರ್ ಒಳಗೆ ಒಂದು, ಬೇರೆಯಾಗಿ ಇನ್ನೊಂದು. "ಸುಡೊ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್" ಕೊಟ್ಟೆ. ಮಧ್ಯದಲ್ಲಿ ಏನೋ ಪಾಸ್‌ವರ್ಡ್ ಸೆಟ್ ಮಾಡು ಅಂತು, ಓದದೇ ಹಾಕಿದೆ. ರೀಸ್ಟಾರ್ಟ್ ಆದಾಗ ಒಂದು ನೀಲಿ ಸ್ಕ್ರೀನ್ ಬಂತು. ಮತ್ತೆ ಹೆದರಿ ಏನೂ ಒತ್ತಲಿಲ್ಲ. ಹತ್ತು ಸೆಕೆಂಡ್ ಆದ್ಮೇಲೆ ತಾನಾಗೇ ಹೋಯ್ತು, ಡೆಸ್ಕ್‌ಟಾಪ್ ಚೆನ್ನಾಗಿ ಬಂತು. ಮುಗೀತು ಅಂತ ಮಲಗಿದೆ.

ನೀಲಿ ಸ್ಕ್ರೀನ್ ಹೇಳಿದ್ದು

ಭಾನುವಾರ ಸಂಜೆ ಅಕ್ಕನ ಮಾನಿಟರ್‌ಗೆ ಎಚ್‌ಡಿಎಮ್‌ಐ ಹಾಕಿದ್ರೆ "ನೋ ಸಿಗ್ನಲ್". ಮಾನಿಟರ್‌ಗೇ ಬರಲ್ಲ ಅಂದ್ರೆ ನಾಳೆ ಪ್ರೊಜೆಕ್ಟರ್‌ಗೆ ಹೇಗೆ ಬರತ್ತೆ?

ಈ ಸಲ ಅಳಲಿಲ್ಲ, ದಾರಿ ಹುಡುಕಿದೆ. "ಎಲ್‌ಎಸ್‌ಪಿಸಿಐ -ಕೆ" ಕೊಟ್ರೆ ಪ್ರತಿ ಸಾಧನಕ್ಕೂ ಯಾವ ಡ್ರೈವರ್ ಓಡ್ತಿದೆ ಅಂತ ತೋರಿಸತ್ತೆ. ಮೊದಲ ಚಿಪ್ ಕೆಳಗೆ "ಕರ್ನಲ್ ಡ್ರೈವರ್ ಇನ್ ಯೂಸ್" ಸಾಲು ಇತ್ತು, ಎರಡನೆಯದಕ್ಕೆ ಇರಲಿಲ್ಲ. ಡ್ರೈವರ್ ಹಾಕಿದ್ದೀನಿ, ಆದ್ರೆ ಓಡ್ತಿಲ್ಲ! ಬೇರೆ ಗ್ರಾಫಿಕ್ಸ್ ಚಿಪ್ ಇರೋ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಮ್‌ಐ ಪೋರ್ಟ್ ಆ ಎರಡನೇ ಚಿಪ್‌ಗೇ ಜೋಡಿಸಿರತ್ತೆ. ಅದು ಮಲಗಿದ್ರೆ ಪೋರ್ಟೂ ಮಲಗತ್ತೆ.

"ಮೋಕ್‌ಯುಟಿಲ್ --ಎಸ್‌ಬಿ-ಸ್ಟೇಟ್" ಕೊಟ್ಟೆ. ಸೆಕ್ಯೂರ್ ಬೂಟ್ ಆನ್ ಇತ್ತು. ಅದು ಆನ್ ಇದ್ರೆ ನಂಬಿಕಸ್ಥ ಸಹಿ ಇಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಡಲ್ಲ. ನೀಲಿ ಸ್ಕ್ರೀನ್ ಕೇಳಿದ್ದು ಇಷ್ಟೇ: "ಈ ಸಹಿಯನ್ನು ಒಪ್ಪಿಕೊಳ್ಳಲಾ?" ನಾನು ಉತ್ತರ ಕೊಡಲಿಲ್ಲ, ಅದು ಒಪ್ಪಿಕೊಳ್ಳಲಿಲ್ಲ.

"ಸುಡೊ ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ --ಎನ್‌ರೋಲ್-ಕೀ" ಕೊಟ್ಟು ಮತ್ತೆ ಪಾಸ್‌ವರ್ಡ್ ಇಟ್ಟೆ, ಈ ಸಲ ಪುಸ್ತಕದಲ್ಲಿ ಬರ್ಕೊಂಡು. ನೀಲಿ ಸ್ಕ್ರೀನ್‌ನಲ್ಲಿ "ಎನ್‌ರೋಲ್ ಮೋಕ್", "ಕಂಟಿನ್ಯೂ", "ಯೆಸ್", ಪಾಸ್‌ವರ್ಡ್, ರೀಬೂಟ್. ಮಾನಿಟರ್ ಹೊತ್ಕೊಂಡ್ತು.

ಚಿಕ್ಕಪುಟ್ಟ ತೊಂದರೆಗಳು

ಅಕ್ಷರ ಇರುವೆ ಥರ ಕಂಡ್ರೆ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಯಲ್ಲಿ ಫ್ರಾಕ್ಷನಲ್ ಸ್ಕೇಲಿಂಗ್ ಆನ್ ಮಾಡಿ, 125 ಪರ್ಸೆಂಟ್ ಇಡಿ. ಇಂಟೆಲ್ ಚಿಪ್‌ನಲ್ಲಿ ಸ್ಕ್ರೀನ್ ಮಿನುಗಿದ್ರೆ ನೋಮೋಡ್‌ಸೆಟ್ ಸೇರಿಸಿದ ಜಾಗದಲ್ಲೇ "ಐ915.ಎನೇಬಲ್_ಪಿಎಸ್‌ಆರ್=0" ಹಾಕಿ ನೋಡಿ. ಅದು ಪವರ್ ಉಳಿಸೋ ಒಂದು ಸೌಲಭ್ಯವನ್ನು ಆಫ್ ಮಾಡತ್ತೆ. ಕಾರಣ ಗೊತ್ತಾಗದಿದ್ರೆ "ಜರ್ನಲ್‌ಸಿಟಿಎಲ್ -ಬಿ -1 -ಪಿ ಇಆರ್‌ಆರ್" ಕೊಡಿ, ಹಿಂದಿನ ಬೂಟ್‌ನಲ್ಲಿ ಆದ ಎರರ್‌ಗಳು ಸಿಗತ್ತೆ.

ಇನ್ನೂ ಇನ್‌ಸ್ಟಾಲ್ ಮಾಡದವರಿಗೆ ಒಂದು ಮಾತು. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ಬ್ರೈಟ್‌ನೆಸ್, ಎಚ್‌ಡಿಎಮ್‌ಐ, ಸ್ಲೀಪ್ ಮೂರೂ ನೋಡಿ. ಸೆಮಿನಾರ್ ಹಿಂದಿನ ವಾರ ಈ ಸಾಹಸ ಬೇಡ.

ಭಾನುವಾರ ರಾತ್ರಿ ಅಪ್ಪ ಫೋನ್ ಮಾಡಿ, "ಹೊಸ ಲ್ಯಾಪ್‌ಟಾಪ್ ಹೇಗಿದೆ ಪುಟ್ಟಿ?" ಅಂದ್ರು. "ಚೆನ್ನಾಗಿದೆ ಅಪ್ಪ" ಅಂದೆ. ಶನಿವಾರ ರಾತ್ರಿ ಕೇಳಿದ್ದಿದ್ರೆ ಸುಳ್ಳು ಹೇಳ್ಬೇಕಾಗಿತ್ತು.