ಕರ್ನಲ್‌ಗೊಂದು ಹೊಸ ಸಿಸ್ಟಂ ಕಾಲ್: ಸೇರಿಸುವುದು ಸುಲಭ, ತೆಗೆಯುವುದು ದುಸ್ತರ

ಗಣಕದಲ್ಲಿ ಓಡುವ ಸಾಮಾನ್ಯ ತಂತ್ರಾಂಶ ಯಾವುದಕ್ಕೂ ಡಿಸ್ಕಿನಲ್ಲಿರುವ ಕಡತವನ್ನು ನೇರವಾಗಿ ಓದುವ, ಜಾಲಕ್ಕೆ ದತ್ತಾಂಶ ಕಳುಹಿಸುವ ಅಥವಾ ಹೆಚ್ಚುವರಿ ಮೆಮೊರಿಯನ್ನು ತಾನಾಗಿಯೇ ಪಡೆದುಕೊಳ್ಳುವ ಅಧಿಕಾರವಿರುವುದಿಲ್ಲ. ಆ ಅಧಿಕಾರವೆಲ್ಲ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನ ಕೈಯಲ್ಲಿದೆ. ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಲ್ಲಿ ಕರ್ನಲ್ ‘ರಿಂಗ್ 0’ ಎಂಬ ಪೂರ್ಣಾಧಿಕಾರದ ಸ್ತರದಲ್ಲಿಯೂ ಉಳಿದ ತಂತ್ರಾಂಶಗಳು ‘ರಿಂಗ್ 3’ ಎಂಬ ನಿರ್ಬಂಧಿತ ಸ್ತರದಲ್ಲಿಯೂ ಓಡುತ್ತವೆ, ಮತ್ತು ಎರಡರ ನಡುವಿನ ಗಡಿಯನ್ನು ಯಂತ್ರಾಂಶವೇ ಕಾಯುತ್ತದೆ. ಆ ಗಡಿಯನ್ನು ದಾಟಿ ಕರ್ನಲ್‌ನ ಸೇವೆಯನ್ನು ಕೋರಲು ಇರುವ ವಿಧಿಬದ್ಧ ಮಾರ್ಗವೇ ಸಿಸ್ಟಂ ಕಾಲ್. 1971ರ ಯೂನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯಲ್ಲಿ ಮೂವತ್ತು ಚಿಲ್ಲರೆಯಷ್ಟಿದ್ದ ಇಂಥ ಕರೆಗಳು ಇಂದಿನ ಲಿನಕ್ಸ್‌ನಲ್ಲಿ ಮುನ್ನೂರನ್ನು ಮೀರಿವೆ. ಲಿನಕ್ಸ್‌ನ ಮೂಲಸಂಕೇತ ಎಲ್ಲರಿಗೂ ತೆರೆದಿರುವುದರಿಂದ ಆ ಪಟ್ಟಿಗೆ ತನ್ನದೊಂದು ಕರೆಯನ್ನು ಸೇರಿಸಿ ನೋಡಲು ಯಾವ ವಿದ್ಯಾರ್ಥಿಗೂ ಅಡ್ಡಿಯಿಲ್ಲ.

ಪಟ್ಟಿಯಲ್ಲೊಂದು ಸಾಲು

64 ಬಿಟ್‌ನ ಇಂಟೆಲ್ ಮಾದರಿಯ ಯಂತ್ರದಲ್ಲಿ ಪ್ರತಿ ಕರೆಗೂ ಒಂದು ಸಂಖ್ಯೆಯಿದೆ: ಓದುವ ‘ರೀಡ್’ 0, ಬರೆಯುವ ‘ರೈಟ್’ 1, ಓಡುತ್ತಿರುವ ಪ್ರೋಗ್ರಾಮಿನ ಗುರುತುಸಂಖ್ಯೆಯನ್ನು ತಿಳಿಸುವ ‘ಗೆಟ್‌ಪಿಡ್’ 39. ಪ್ರೋಗ್ರಾಮು ತನಗೆ ಬೇಕಾದ ಸಂಖ್ಯೆಯನ್ನು ಆರ್‌ಎಎಕ್ಸ್ ಎಂಬ ರಿಜಿಸ್ಟರಿನಲ್ಲಿಯೂ ಗರಿಷ್ಠ ಆರು ಮೌಲ್ಯಗಳನ್ನು ಬೇರೆ ರಿಜಿಸ್ಟರುಗಳಲ್ಲಿಯೂ ಇರಿಸಿ ‘ಸಿಸ್‌ಕಾಲ್’ ಎಂಬ ಆದೇಶವನ್ನು ನೀಡಿದೊಡನೆ ಪ್ರೊಸೆಸರ್ ಮೇಲಿನ ಸ್ತರಕ್ಕೆ ಜಿಗಿಯುತ್ತದೆ. ಕರ್ನಲ್ ಆ ಸಂಖ್ಯೆಯನ್ನು ತನ್ನ ಪಟ್ಟಿಯಲ್ಲಿ ಹುಡುಕಿ, ಅದಕ್ಕೆ ಜೋಡಿಸಿದ ಫಂಕ್ಷನ್ನನ್ನು ನಡೆಸಿ, ಫಲಿತಾಂಶವನ್ನು ಮರಳಿಸುತ್ತದೆ.

ಹೊಸ ಕರೆಯನ್ನು ಸೇರಿಸುವವರು ಆ ಪಟ್ಟಿಯಲ್ಲಿ ಸಂಖ್ಯೆ ಮತ್ತು ಹೆಸರುಳ್ಳ ಒಂದು ಸಾಲನ್ನು ಬರೆದು, ‘ಸಿಸ್‌ಕಾಲ್ ಡಿಫೈನ್’ ಎಂಬ ಮ್ಯಾಕ್ರೋದ ನೆರವಿನಿಂದ ಫಂಕ್ಷನ್ನನ್ನು ರಚಿಸಿ, ಕರ್ನಲನ್ನು ಮತ್ತೆ ಕಂಪೈಲ್ ಮಾಡಿ, ಯಂತ್ರವನ್ನು ಹೊಸ ಕರ್ನಲ್‌ನೊಂದಿಗೆ ಆರಂಭಿಸಬೇಕು. ಸಿ ಲೈಬ್ರರಿಗೆ ಈ ಕರೆಯ ಪರಿಚಯವಿಲ್ಲವಾದ್ದರಿಂದ ಪರೀಕ್ಷಿಸುವ ಪ್ರೋಗ್ರಾಮು ಅದನ್ನು ಸಂಖ್ಯೆಯಿಂದಲೇ ಕರೆಯಬೇಕಾಗುತ್ತದೆ. ಕರ್ನಲ್‌ನ ದಾಖಲೆಯಲ್ಲಿ ಒಂದು ಸಂದೇಶ ಮೂಡಿತೆಂದರೆ ತರಗತಿಯ ಅಭ್ಯಾಸ ಮುಗಿಯಿತು. ನಿಜವಾದ ವಿನ್ಯಾಸದ ಪ್ರಶ್ನೆಗಳು ಆರಂಭವಾಗುವುದು ಅಲ್ಲಿಂದಲೇ.

ನಂಬಿಕೆಗೆ ಎಡೆಯಿಲ್ಲದ ಗಡಿ

ಪ್ರೋಗ್ರಾಮು ಕೊಡುವ ಮೆಮೊರಿ ವಿಳಾಸವನ್ನು ಕರ್ನಲ್ ಎಂದಿಗೂ ನಂಬಬಾರದು. ಆ ವಿಳಾಸ ನಿಜವಾಗಿ ಪ್ರೋಗ್ರಾಮಿಗೇ ಸೇರಿದ್ದೆಂದು ಪರೀಕ್ಷಿಸಿದ ಬಳಿಕವಷ್ಟೇ ದತ್ತಾಂಶವನ್ನು ಅತ್ತಿತ್ತ ನಕಲಿಸಬೇಕು. 2017ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಲಿನಕ್ಸ್ 4.13ರಲ್ಲಿ, ‘ವೇಟ್‌ಐಡಿ’ ಎಂಬ ಹಳೆಯ ಕರೆಯನ್ನು ಪುನರ್‌ರಚಿಸುವಾಗ ಈ ಒಂದು ಪರೀಕ್ಷೆ ಬಿಟ್ಟುಹೋದುದರಿಂದ, ಸಾಮಾನ್ಯ ಪ್ರೋಗ್ರಾಮೊಂದು ಕರ್ನಲ್‌ನದೇ ಮೆಮೊರಿಯ ವಿಳಾಸವನ್ನು ನೀಡಿ ಅಲ್ಲಿ ಬರೆಸಲು ಸಾಧ್ಯವಾಗಿತ್ತು; ಮರುತಿಂಗಳು ದೋಷವನ್ನು ಸರಿಪಡಿಸಲಾಯಿತು. ಒಂದೇ ಒಂದು ಪರೀಕ್ಷೆಯ ಕೊರತೆ ಇಡೀ ಯಂತ್ರದ ಭದ್ರತೆಯನ್ನು ಬಯಲಿಗಿಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಇಂಥ ದೋಷವನ್ನಾದರೂ ತಿದ್ದಬಹುದು, ಆದರೆ ಕರೆಯ ರೂಪವನ್ನೇ ತಪ್ಪಾಗಿ ಯೋಜಿಸಿದ್ದರೆ ತಿದ್ದುವುದು ಕಷ್ಟ. ಬಳಕೆದಾರರ ತಂತ್ರಾಂಶವನ್ನು ಮುರಿಯಬಾರದೆಂಬುದು ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಬಿಗಿಯಾಗಿ ಪಾಲಿಸಿಕೊಂಡು ಬಂದಿರುವ ನಿಯಮವಾದ್ದರಿಂದ, ಒಮ್ಮೆ ಬಳಕೆಗೆ ಬಂದ ಕರೆಯ ವರ್ತನೆಯನ್ನು ಬದಲಿಸುವಂತಿಲ್ಲ. ಕಡತ ತೆರೆಯುವ ‘ಓಪನ್’ ಕರೆಯು ಫ್ಲ್ಯಾಗ್ ಎಂಬ ಸೂಚನೆಗಳಲ್ಲಿ ತನಗೆ ಅರ್ಥವಾಗದವುಗಳನ್ನು ಸದ್ದಿಲ್ಲದೆ ಕಡೆಗಣಿಸುತ್ತಿತ್ತು. ಇದರಿಂದ ಹೊಸ ಫ್ಲ್ಯಾಗ್ ಸೇರಿಸಿದರೂ ಹಳೆಯ ಕರ್ನಲ್ ಅದನ್ನು ಪಾಲಿಸಿತೋ ಇಲ್ಲವೋ ಎಂದು ಪ್ರೋಗ್ರಾಮಿಗೆ ತಿಳಿಯುತ್ತಿರಲಿಲ್ಲ. ಕೊನೆಗೆ 2020ರ ಲಿನಕ್ಸ್ 5.6ರಲ್ಲಿ ‘ಓಪನ್‌ಎಟ್2’ ಎಂಬ ಬೇರೆಯೇ ಕರೆ ಬಂದಿತು. ಅದು ಗೊತ್ತಿಲ್ಲದ ಫ್ಲ್ಯಾಗನ್ನು ದೋಷವೆಂದು ತಿರಸ್ಕರಿಸುತ್ತದೆ, ಮತ್ತು ಮುಂದೆ ವಿಸ್ತರಿಸಲು ಅನುವಾಗುವಂತೆ ಮಾಹಿತಿಯೊಡನೆ ಅದರ ಗಾತ್ರವನ್ನೂ ಪಡೆಯುತ್ತದೆ. ಕರೆಯೊಂದು ಅಪರೂಪಕ್ಕೆ ನಿವೃತ್ತವಾದರೂ ಅದರ ಸ್ಥಾನ ತೆರವಾಗುವುದಿಲ್ಲ: 5.5ರಲ್ಲಿ ಕೈಬಿಟ್ಟ ‘ಸಿಸ್‌ಕಂಟ್ರೋಲ್’ ಕರೆಯ 156ನೆಯ ಸಂಖ್ಯೆ ಪಟ್ಟಿಯಲ್ಲಿ ಉಳಿದಿದ್ದು, ಕರೆದವರಿಗೆ ಅಂಥ ಸೇವೆಯಿಲ್ಲವೆಂಬ ಉತ್ತರವನ್ನಷ್ಟೇ ಕೊಡುತ್ತದೆ.

ಆದ್ದರಿಂದಲೇ ಅಧಿಕೃತ ಕರ್ನಲ್‌ಗೆ ಕರೆಯೊಂದನ್ನು ಪ್ರಸ್ತಾವಿಸುವವರು, ಸಾಧನಕಡತದಂಥ ಇರುವ ಮಾರ್ಗದಲ್ಲಿಯೇ ಕೆಲಸ ಆಗದೇಕೆ ಎಂಬುದನ್ನು ಮೊದಲು ವಿವರಿಸಬೇಕು. ಫ್ಲ್ಯಾಗ್‌ಗಳಿಗೆ ಆರಂಭದಲ್ಲಿಯೇ ಜಾಗವಿಟ್ಟು, ಕೈಪಿಡಿಯ ಪುಟವನ್ನೂ ಪರೀಕ್ಷಾ ಪ್ರೋಗ್ರಾಮುಗಳನ್ನೂ ಜೊತೆಗೆ ಒದಗಿಸಬೇಕು. ಆಂಡ್ರಾಯ್ಡ್ ಫೋನುಗಳಿಂದ ಸೂಪರ್‌ಕಂಪ್ಯೂಟರುಗಳವರೆಗೆ ಹರಡಿರುವ ಲಿನಕ್ಸ್‌ನಲ್ಲಿ ಈ ಎಚ್ಚರಿಕೆ ಅತಿಯಾಯಿತೆನ್ನಲಾಗದು. ಹೊಸ ಕರೆಯನ್ನು ಬರೆದು ನೋಡುವ ವಿದ್ಯಾರ್ಥಿಯೂ, ಸಂದೇಶ ಮೂಡಿದ ಮೇಲೆ, ತಪ್ಪು ವಿಳಾಸ ಬಂದರೆ ತನ್ನ ಕರೆ ಏನು ಮಾಡೀತು, ಅಪರಿಚಿತ ಫ್ಲ್ಯಾಗ್ ಬಂದರೆ ಏನು ಹೇಳೀತು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಬರೆದರೆ, ಅಭ್ಯಾಸದ ಹೆಚ್ಚಿನ ಫಲ ಅಲ್ಲಿ ದೊರೆಯುತ್ತದೆ.